ನಾಲ್ಕನೆಯ ಹೆಂಗಸಿನ ಕೈ

ಹುಡುಗಿಯರು ಟೀವಿಗೆ ಬೆನ್ನು ಹಾಕಿ ನಿಂತಿದ್ದರು. ಕತ್ತನ್ನು ಮಾತ್ರ ಹಿಂದಕ್ಕೆ ತಿರುಚಿ, ಭುಜದ ಮೇಲಿಂದ ಪರದೆಯನ್ನು ನೋಡುತ್ತ, ಕಂಡದ್ದನ್ನು ಕಾಲಿಗೆ ತಂದುಕೊಳ್ಳುತ್ತಿದ್ದರು. ಎದುರು ನಿಂತು ಕಲಿತರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಳೆಯ ಫಿಲ್ಮಿನಿಂದ ನೃತ್ಯವನ್ನು ಎತ್ತಿಕೊಳ್ಳುವವರೆಲ್ಲ ಹೀಗೇ ಬೆನ್ನು ಹಾಕಿಯೇ ಕಲಿಯುವುದು. ಕೋಣೆಯ ಮೂಲೆಯಲ್ಲಿ ಮಡಿಸುವ ಕುರ್ಚಿಯ ಮೇಲೆ, ಯಾರೋ ಕೇಳದೆಯೇ ತಂದಿಟ್ಟ ದಿಂಬಿನ ಮೇಲೆ ಕೂತಿದ್ದ ಆರ್ಡಿಸ್ ಹೋಮ್‌ಕ್ವಿಸ್ಟಳಿಗೆ ಪರದೆ ಕಾಣುತ್ತಿತ್ತು, ಆದರೆ ಅವಳು ನೋಡುತ್ತಿರಲಿಲ್ಲ. ಹುಡುಗಿಯರ ಬೆವರಿದ ಕತ್ತುಗಳನ್ನು ನೋಡುತ್ತಿದ್ದಳು. ಪರದೆಯೊಳಗೆ ಇಪ್ಪತ್ತಮೂರು ವರ್ಷದ ಇನ್ನೊಬ್ಬ ಆರ್ಡಿಸ್ ಇದ್ದಾಳೆ, ಬೂದು ಉಡುಪು, ಬಿಗಿಯಾಗಿ ಹಿಂದಕ್ಕೆ ಬಾಚಿದ ಕೂದಲು, ಸಾಲಿನಲ್ಲಿ ನಾಲ್ಕನೆಯವಳು. ಅವಳನ್ನು ನೋಡಿ ನಲವತ್ತೇಳು ವರ್ಷವಾಗಿತ್ತು. ಒಮ್ಮೆ ನೋಡಿದ್ದು ಸಾಕಾಗಿತ್ತು.

ಹೊರಗೆ ಮೆಕ್ಕೆಜೋಳದ ಕೊಯ್ಲು ನಡೆದಿತ್ತು. ಅಯೋವಾದ ಅಕ್ಟೋಬರ್ ಮಧ್ಯಾಹ್ನ ಹೀಗೇ ಇರುತ್ತದೆ, ಎಲ್ಲಿ ನೋಡಿದರೂ ಹೊಂಬಣ್ಣದ ದೂಳು, ದೂಳಿನ ಹಿಂದೆ ಇನ್ನಷ್ಟು ಬಯಲು, ಬಯಲಿನ ಕೊನೆಯಲ್ಲಿ ಧಾನ್ಯದ ಗೋಪುರ. ಕಾಲೇಜಿನವರು ಹಳೆಯ ಜಿಮ್ಮಿಗೆ ಹೊಸ ನೆಲ ಹಾಸಿ ನೃತ್ಯದ ಕೋಣೆ ಮಾಡಿದ್ದರು. ಎತ್ತರದ ಕಿಟಕಿಗಳಿಂದ ಇಳಿದ ಬಿಸಿಲು ನೆಲದ ಮೇಲೆ ಉದ್ದುದ್ದ ಬಿದ್ದುಕೊಂಡಿತ್ತು, ಹುಡುಗಿಯರ ಕಾಲು ಅದರೊಳಗೆ ಹೋದಾಗ ಹೊಳೆದು ಹೊರಗೆ ಬಂದಾಗ ಮಾಸುತ್ತಿತ್ತು, ಹಾಗೆ ನೋಡುತ್ತ ನೋಡುತ್ತ ಆರ್ಡಿಸಳಿಗೆ ಯಾವುದು ಕೋಣೆ ಯಾವುದು ಫಿಲ್ಮು ಎನ್ನುವುದು ಕಲಸಿಹೋಗುತ್ತಿತ್ತು. ಫಿಲ್ಮು ತೆಗೆದ ಸಿನ್ಸಿನಾಟಿಯ ಸ್ಟುಡಿಯೋದಲ್ಲೂ ಬಯಲಿತ್ತು. ಬಟ್ಟೆಯ ಮೇಲೆ ಬರೆದ ಬಯಲು. ಆಕಾಶಕ್ಕೆ ಬಳಿದ ಬಣ್ಣ ದೀಪಗಳ ಕಾವಿಗೆ ವಾಸನೆ ಹೊಡೆಯುತ್ತಿತ್ತು. ಮೂರು ಅಡ್ಡಪಟ್ಟಿಯ ಬೇಲಿ, ಗೋಡೆಯಿಲ್ಲದ ಬಾಗಿಲ ಚೌಕಟ್ಟು, ಒಂದು ತೂಗುಕುರ್ಚಿ. ಅಷ್ಟೇ ಸಾಮಾನು. ಅಷ್ಟರಲ್ಲಿ ನೃತ್ಯದ ಕಂಪನಿ ನಡೆಸುತ್ತಿದ್ದ ಮಿಸ್ ಪೆಲ್ ವಲಸೆಗಾರರ ಇಡೀ ಪಶ್ಚಿಮವನ್ನು ಕಟ್ಟಿದ್ದರು. ಹೊಸ ನೆಲಕ್ಕೆ ಬಂದ ಮದುವಣಗಿತ್ತಿ, ಅವಳ ಗಂಡ, ಬಂಡಿಯ ಹಿಂದೆ ನಡೆದು ನಡೆದು ಸವೆದ ನಾಲ್ಕು ಹೆಂಗಸರು. ಮದುವಣಗಿತ್ತಿಯಾಗಿ ಕುಣಿದವರು ಸ್ವತಃ ಮಿಸ್ ಪೆಲ್. ಆಗ ಅವರಿಗೆ ಐವತ್ತೆಂಟು.

“ಕಾಫಿ ಆರಿಹೋಗಿದ್ರೆ ಹೇಳಿ, ಬೇರೆ ತರಿಸ್ತೀನಿ,” ಎಂದಳು ಮಾರ್ಲಾ ಕೀಟಿಂಗ್. ಇಲ್ಲಿನ ನೃತ್ಯದ ಅಧ್ಯಾಪಕಿ, ಗಟ್ಟಿ ದನಿಯ ಒಳ್ಳೆಯ ಹೆಂಗಸು. ಈ ನೃತ್ಯವನ್ನು ಫಿಲ್ಮಿನಿಂದ ಎಬ್ಬಿಸಿ ಮತ್ತೆ ವೇದಿಕೆಗೆ ತರುತ್ತಿರುವವಳು. ಬೆಳಿಗ್ಗೆ ಬಾಗಿಲಲ್ಲೇ ಆರ್ಡಿಸಳ ಮೊಣಕೈ ಹಿಡಿದು ಮೂರು ಮೆಟ್ಟಿಲು ಹತ್ತಿಸಿದ್ದಳು. ಮೆಟ್ಟಿಲು ಹತ್ತಲು ಬರುವುದಿಲ್ಲವೆಂದು ಆರ್ಡಿಸ್ ಎಲ್ಲೂ ಹೇಳಿರಲಿಲ್ಲ. ಆಮೇಲೆ ಹುಡುಗಿಯರ ಎದುರು ನಿಲ್ಲಿಸಿ, “ಇವರು ನಡೆದಾಡೋ ಇತಿಹಾಸ ಕಣ್ರೇ, ಏನು ಬೇಕಾದ್ರೂ ಕೇಳ್ಕೊಳ್ಳಿ,” ಎಂದಿದ್ದಳು. ಹುಡುಗಿಯರು ವಿನಯದಿಂದ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ತನ್ನ ವಯಸ್ಸಿಗೆ ಬಿದ್ದದ್ದೇ ಹೊರತು ತನಗಲ್ಲ ಎಂದು ಆರ್ಡಿಸಳಿಗೆ ಗೊತ್ತಿತ್ತು, ಆದರೂ ಕತ್ತು ಬಗ್ಗಿಸಿ ಸ್ವೀಕರಿಸಿದಳು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮಿಸ್ ಪೆಲ್ ಕಲಿಸಿದ ಹಾಗೆ. ಇತಿಹಾಸ ಮೂವತ್ತು ವರ್ಷ ಚರ್ಚಿನ ನೆಲಮಾಳಿಗೆಯಲ್ಲಿ ಸಣ್ಣ ಮಕ್ಕಳಿಗೆ ಟ್ಯಾಪ್ ನೃತ್ಯ ಕಲಿಸಿತು ಎಂದು ಹೇಳಬೇಕಿತ್ತು.

ಒಬ್ಬಳು ಮಾತ್ರ ಕೇಳಿದ್ದಳು. ಟೆಸ್ ಎಂಬ ಹುಡುಗಿ, ಹಂದಿ ಸಾಕುವ ಮನೆಯಿಂದ ಬಂದವಳು, ದಪ್ಪ ಮಣಿಕಟ್ಟು, ಮುಖದಲ್ಲಿ ಏನನ್ನೂ ಮುಚ್ಚಿಡಲು ಬಾರದವಳು. “ಇದರಲ್ಲಿ ಬಯಲೆಲ್ಲ ಖಾಲಿ ಇದೆಯಲ್ಲ ಮಿಸೆಸ್ ಹೋಮ್‌ಕ್ವಿಸ್ಟ್. ಇಲ್ಲಿ ಬಿಳಿಯರಿಗಿಂತ ಮುಂಚೆ ಇದ್ದ ಜನ ಎಲ್ಲಿ?” ಮಾರ್ಲಾ ನಡುವೆ ಬಂದು, ಅದನ್ನೆಲ್ಲ ಕಾರ್ಯಕ್ರಮದ ಹಾಳೆಯಲ್ಲಿ ಬರೆಯುತ್ತೇವೆ ಎಂದಳು. ಆರ್ಡಿಸಳಿಗೆ ನಿಜವಾಗಿ ಆ ಪ್ರಶ್ನೆ ನಲವತ್ತೇಳು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬಣ್ಣ ಬಳಿದವನು ಖಾಲಿ ಬರೆದ, ಅವರು ಖಾಲಿ ಕುಣಿದರು. ನಾಚಿಕೆಯಾಗಿ ಅವಳು ತನ್ನ ಬೂಟಿನ ಲಾಡಿ ನೋಡಿಕೊಂಡಳು.

ಪರದೆಯೊಳಗೆ ಮದುವಣಗಿತ್ತಿ ಬೇಲಿಯ ಹತ್ತಿರ ಹೋಗುತ್ತಿದ್ದಳು. ಆ ಭಾಗ ಬಂತೆಂದು ಸಂಗೀತದಿಂದಲೇ ತಿಳಿಯಿತು, ಒಂಟಿ ಪಿಟೀಲು, ಅದರ ಕೆಳಗೆ ಉಸಿರಾಡುವಂತೆ ಏನೋ ಒಂದು. ಇನ್ನು ಬೇಲಿಯಿಂದ ಹನ್ನೆರಡು ಹೆಜ್ಜೆ ಹಿಂದಕ್ಕೆ, ಒಂದೊಂದು ಹೆಜ್ಜೆಗೂ ಎಂಟು ಎಣಿಕೆ, ಕಣ್ಣು ಬಯಲಿನ ಮೇಲೇ ಇಟ್ಟು. ಹಿಂದೆ ನಾಲ್ವರು ಹೆಂಗಸರು ಅವಳ ಜೊತೆಗೇ ಹಿಂದಕ್ಕೆ ಸರಿಯುತ್ತಾರೆ. ಯಾರೂ ಅವಳನ್ನು ಮುಟ್ಟುವಂತಿಲ್ಲ. ತಾಲೀಮಿನಲ್ಲಿ ಯಾರಾದರೂ ಸಹಜವಾಗಿ ಹತ್ತಿರ ಹೋದರೆ ಮಿಸ್ ಪೆಲ್ ತಿರುಗದೆಯೇ ಹೇಳುತ್ತಿದ್ದರು, “ದೂರ. ಅಲ್ಲಿ ಹಿಡಿಯೋಕೆ ಯಾರೂ ಇರ್ಲಿಲ್ಲ. ಅದೇ ಈ ನೃತ್ಯ, ಮಿಕ್ಕಿದ್ದೆಲ್ಲ ಬಟ್ಟೆಬರೆ.” ತಿರುಗದೆ ಹೇಗೆ ಗೊತ್ತಾಗುತ್ತಿತ್ತೋ. ಅವರ ಬೆನ್ನಿಗೂ ಕಣ್ಣಿದೆ ಎಂದು ಆಗಿನ ಹುಡುಗಿಯರು ನಗುತ್ತಿದ್ದರು. ಅವರ ಮಂಡಿಗೆ ಪ್ರತಿದಿನ ಬ್ಯಾಂಡೇಜು ಸುತ್ತುತ್ತಿದ್ದವಳು ಆರ್ಡಿಸ್. ಕಂಪನಿಯಲ್ಲಿ ಅದು ರೂಢಿ. ದೊಡ್ಡ ಪಾತ್ರವನ್ನು ಅವರ ಬದಲಿಗೆ ಕಲಿತಿಟ್ಟುಕೊಂಡಿರುವ ಹುಡುಗಿಯೇ ಅವರ ಮಂಡಿಯನ್ನು ಕಟ್ಟಬೇಕು. ಬೆಳಿಗ್ಗೆ ಬೆಳಿಗ್ಗೆ ಆ ಮಂಡಿ ಅವಳ ತೊಡೆಯ ಮೇಲಿರುತ್ತಿತ್ತು, ಊದಿಕೊಂಡು, ಬೆಚ್ಚಗೆ. ಎಷ್ಟು ದಿನ ತಾಳೀತು ಎಂದು ಇಡೀ ಕಂಪನಿಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಸುತ್ತುತ್ತ ಸುತ್ತುತ್ತ ಅವಳು ಮನಸ್ಸಿನಲ್ಲಿ ಮದುವಣಗಿತ್ತಿಯ ಹೆಜ್ಜೆ ಎಣಿಸುತ್ತಿದ್ದಳು. ಆ ದಿನವೂ ಬ್ಯಾಂಡೇಜನ್ನು ಸರಿಯಾಗಿಯೇ ಕಟ್ಟಿದ್ದಳು. ಬೈಬಲ್ ಮುಟ್ಟಿ ಹೇಳಬಲ್ಲಳು. ಕಟ್ಟಿದ್ದರಲ್ಲಿ ಮೋಸವಿರಲಿಲ್ಲ.

“ಏಳನೇ ಹೆಜ್ಜೆಯಿಂದ,” ಎಂದು ಮಾರ್ಲಾ ಕೈ ತಟ್ಟಿ, ಮದುವಣಗಿತ್ತಿ ವಾಲಿದಲ್ಲಿಗೆ ಫಿಲ್ಮನ್ನು ನಿಲ್ಲಿಸಿದಳು. “ಆರ್ಡಿಸ್, ನೀವು ಈಗ ನೋಡ್ಬೇಕು. ನಾನು ಕಾಗದದಲ್ಲಿ ಬರೆದಿದ್ನಲ್ಲ, ಅದೇ ಜಾಗ.”

ಕಾಗದ ಆರ್ಡಿಸಳ ಕೈಚೀಲದಲ್ಲೇ ಇತ್ತು, ಮಡಿಕೆ ಸವೆಯುವಷ್ಟು ಸಲ ಓದಿದ್ದಳು. ಆ ಫಿಲ್ಮಿನಲ್ಲಿ ಕುಣಿದವರಲ್ಲಿ ಈಗ ನೀವೊಬ್ಬರೇ ಉಳಿದಿರುವುದು. ಏಳನೆಯ ಹೆಜ್ಜೆಯಲ್ಲಿ ಮದುವಣಗಿತ್ತಿ ವಾಲುತ್ತಾಳೆ, ನಾಲ್ಕನೆಯ ಹೆಂಗಸಿನ ಕೈ ಮುಂದೆ ಬರುತ್ತದೆ, ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ. ಅದು ಮಿಸ್ ಪೆಲ್ ಹೇಳಿಕೊಟ್ಟದ್ದೇ, ಅಲ್ಲವೇ? ನೀವು ಹೇಳಿದ್ದೇ ಕೊನೆ. ಎಣಿಕೆಯ ಹಾಳೆಯಲ್ಲಿ ಹಾಗೇ ಬರೆಯುತ್ತೇವೆ, ಇನ್ನು ಮುಂದೆ ಯಾರು ಈ ನೃತ್ಯ ಮಾಡಿದರೂ ಹಾಗೇ ಮಾಡುತ್ತಾರೆ. ಆ ಕೈಯ ಬಗ್ಗೆ ಯಾರೋ ಪಂಡಿತರು ಹನ್ನೆರಡು ಪುಟ ಬರೆದಿದ್ದಾರಂತೆ, ಬಯಲಿನ ಹೆಂಗಸರ ಮಾತಿಲ್ಲದ ಅಕ್ಕರೆ ಎಂದು. ಅದನ್ನು ಓದಿದ ದಿನ ಆರ್ಡಿಸ್ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕಿದ್ದಳು, ಆಮೇಲೆ ಕೂತುಕೊಂಡಿದ್ದಳು. ಅಕ್ಕರೆ! ಅವಳು ಇಲ್ಲಿಗೆ ಬಂದದ್ದೇ ಆ ಕೈಯನ್ನು ತೆಗೆಸಿಹಾಕಲು. ಒಂದೇ ಮಾತು, ಅದು ತಪ್ಪಿ ಆದದ್ದು, ತೆಗೆಯಿರಿ. ಅಷ್ಟು ಹೇಳಿ ಒಂದು ಸ್ಯಾಂಡ್‌ವಿಚ್ ತಿಂದು ನಾಲ್ಕು ಗಂಟೆಯ ಬಸ್ಸಿಗೆ ಹೊರಡುವುದು. ಏಕೆ ತಪ್ಪಿತು ಎಂದು ಯಾರೂ ಕೇಳುವುದಿಲ್ಲ. ಕೈ ಹೋದರೆ ಅದರ ಹಿಂದೆ ಇದ್ದದ್ದೂ ಹೋಗುತ್ತದೆ.

ಮದುವಣಗಿತ್ತಿಯ ಜಾಗದಲ್ಲಿ ಕೋರಿನ್ ಎಂಬ ನೀಳ ಹುಡುಗಿ ನಿಂತಳು, ಅವಳ ಹಿಂದೆ ಬಲಗಡೆಗೆ ಟೆಸ್. ಮಾರ್ಲಾ ಎಣಿಸತೊಡಗಿದಳು. ಒಂದು, ಎರಡು. ಕೋರಿನ್ ಹಿಂದಕ್ಕೆ ಬರುತ್ತಿದ್ದಳು, ಕಣ್ಣು ಎದುರಿನ ಗೋಡೆಯಾಚೆ ಎಲ್ಲೋ. ಮೂರು, ನಾಲ್ಕು. ಐದಕ್ಕೆ ವಾಲಿದಳು. ಬಹಳ ಚೆಂದ ವಾಲಿದಳು. ಐವತ್ತೆಂಟು ವರ್ಷದ ಒಂದು ಮಂಡಿ ಕುಸಿದದ್ದನ್ನು ಈ ಮಗು ಹೂವಿನ ಹಾಗೆ ಕಲಿತುಬಿಟ್ಟಿದೆ. ಅದೂ ನೃತ್ಯವೆಂದುಕೊಂಡಿದೆ. ಮತ್ತು ಹಿಂದೆ ಟೆಸ್, ಐದಕ್ಕೆ ಸುಮ್ಮನೆ ನಿಂತಿದ್ದು ಆರಕ್ಕೆ ಕೈ ಚಾಚಿದಳು.

“ಐದಕ್ಕೆ ಏನು ಮಾಡ್ದೆ?” ಆರ್ಡಿಸ್ ಕೇಳಿದ್ದು ಎಷ್ಟು ಮೆಲ್ಲಗೆಂದರೆ ಮಾರ್ಲಾ ಕಿವಿಯ ಹಿಂದೆ ಕೈ ಇಟ್ಟುಕೊಂಡಳು.

“ಐದಕ್ಕೆ ಏನಿಲ್ಲ,” ಎಂದಳು ಟೆಸ್. “ಕಾಯೋದು. ಫಿಲ್ಮಲ್ಲಿ ಹಾಗೇ ಇದೆ. ಐದು ಪೂರ್ತಿ ಬಿಟ್ಟು, ಆರಕ್ಕೆ ಕೈ.”

“ಅದೇ ಸೊಗಸು ಅಲ್ವಾ ಅದರಲ್ಲಿ,” ಎಂದಳು ಮಾರ್ಲಾ ಸಂಭ್ರಮದಿಂದ. “ತಕ್ಷಣ ಚಾಚಿದ್ರೆ ಮಾಮೂಲಾಗಿಬಿಡುತ್ತೆ. ಆ ಒಂದು ಎಣಿಕೆ ತಡೀತಾಳಲ್ಲ, ಅಲ್ಲೇ ನನಗೆ ಪ್ರತಿಸಲ ಮೈ ಜುಂ ಅನ್ನುತ್ತೆ.”

ಕೈಯನ್ನು ಮಾತ್ರ ಅಲ್ಲ, ಅದನ್ನೂ ಕಲಿತಿದ್ದಾರೆ. ಆರ್ಡಿಸಳಿಗೆ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆದಂತಾಯಿತು, ದೀಪಗಳ ಕಾವು, ಬಣ್ಣದ ವಾಸನೆ, ಬರೆದ ಆಕಾಶ ಅಲುಗುತ್ತಿದೆ, ಯಾರೋ ಹಿಂದೆ ಬಾಗಿಲು ತೆರೆದಿದ್ದಾರೆ. ಚಿತ್ರೀಕರಣದ ಮೂರನೆಯ ದಿನ, ಕೊನೆಯ ದೃಶ್ಯ. ಮಿಸ್ ಪೆಲ್ ಅವರ ಬೆನ್ನು ಒಂದು ತೋಳಳತೆ ಮುಂದೆ. ನಾಲ್ಕಕ್ಕೇ ಅವಳಿಗೆ ಗೊತ್ತಾಗಿತ್ತು. ತಾನೇ ಕಟ್ಟಿದ ಮಂಡಿ, ಲಂಗದೊಳಗೆ ಅದು ಹೇಗೆ ನಡುಗುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು. ಐದಕ್ಕೆ ಮಂಡಿ ಹೋಯಿತು. ಐದಕ್ಕೇ ಕೈ ಹೋಗಬಹುದಿತ್ತು, ಹೋಗಬೇಕಿತ್ತು, ನೃತ್ಯದ ನಿಯಮ ಸುಟ್ಟುಹೋಗಲಿ, ಮನುಷ್ಯರ ಕೈ ಕೇಳಿಕೊಂಡು ಚಾಚುತ್ತದೆಯೇ? ಅವಳ ಕೈ ಪಕ್ಕದಲ್ಲೇ ತೂಗುತ್ತಿತ್ತು. ಅವಳೊಳಗೆ ಒಂದು ಮಾತು, ಬೇರೆ ಯಾರದೋ ಅಲ್ಲ, ಅವಳದೇ ಮಾತು, ಸ್ಪಷ್ಟವಾಗಿ ಹೇಳಿತು: ಬೀಳಲಿ. ಬಿದ್ದರೆ ನಾಳೆ ಮದುವಣಗಿತ್ತಿ ನಾನು. ಆಮೇಲೆ ಆರಕ್ಕೆ ನಾಚಿಕೆಯೋ ಭಯವೋ ಕೈಯನ್ನು ಎತ್ತಿ ಚಾಚಿತು, ಅಷ್ಟರಲ್ಲಿ ಮಿಸ್ ಪೆಲ್ ತಾವೇ ಏಳತೊಡಗಿದ್ದರು. ಏಳಕ್ಕೆ ಎದ್ದು ನಿಂತು ಎಂಟಕ್ಕೆ ನಡೆದಿದ್ದರು. ಕೈ ಬೆಪ್ಪಾಗಿ ಗಾಳಿಯಲ್ಲಿ ಉಳಿದಿತ್ತು.

ಮತ್ತೊಮ್ಮೆ ತೆಗೆಯೋಣವೇ ಎಂದು ಕ್ಯಾಮೆರಾದವನು ಕೇಳಿದ. ಮಿಸ್ ಪೆಲ್ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದರು, “ಇರಲಿ.” ಆರ್ಡಿಸಳ ಕಡೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬ್ಯಾಂಡೇಜಿನ ಡಬ್ಬಿ ಹಿಡಿದು ಹೋದಾಗ ಮಿಸ್ ಪೆಲ್ ಅವರ ಕಾಲು ಬೇರೊಬ್ಬ ಹುಡುಗಿಯ ತೊಡೆಯ ಮೇಲಿತ್ತು. ಬೈಯಲಿಲ್ಲ, “ಡಬ್ಬಿ ಅಲ್ಲಿಡು ಆರ್ಡಿಸ್” ಎಂದರು, ಅಷ್ಟೇ. ವಸಂತಕ್ಕೆ ಅವಳು ಅಯೋವಾಕ್ಕೆ ವಾಪಸು ಬಂದಿದ್ದಳು. ಬೀಜ ಮಾರುವ ಲಾಯ್ಡನನ್ನು ಮದುವೆಯಾದಳು, ಒಳ್ಳೆಯ ಗಂಡ, ತೀರಿಹೋಗಿ ಆರು ವರ್ಷವಾಯಿತು, ಅವನಿಗೂ ಇದನ್ನು ಹೇಳಿರಲಿಲ್ಲ. ಅವಳನ್ನು ತಿಂದದ್ದು ಬೇರೆ ಪ್ರಶ್ನೆ. ಮುಟ್ಟಬಾರದೆಂಬ ನಿಯಮ ಮುರಿದು ಕೈ ಚಾಚಿದ್ದಕ್ಕೆ ಡಬ್ಬಿ ಹೋಯಿತೇ, ಅಥವಾ ತಡ ಮಾಡಿದ್ದಕ್ಕೇ? ಅವರಿಗೆ ಗೊತ್ತಾಗಿತ್ತೇ? ಬೆನ್ನು ಹಾಕಿದ್ದವರಿಗೆ ಹೇಗೆ ಗೊತ್ತಾಗಬೇಕು? ಪಾತ್ರೆ ತೊಳೆಯುವಾಗ, ಮಕ್ಕಳ ಟ್ಯಾಪ್ ಬೂಟಿಗೆ ಲಾಡಿ ಕಟ್ಟುವಾಗ, ಲಾಯ್ಡನ ಆಸ್ಪತ್ರೆಯ ಮಂಚದ ಪಕ್ಕ ಕೂತಾಗಲೂ, ಒಂದೇ ಪ್ರಶ್ನೆ. ಲಾಯ್ಡ್ ನೀರು ಕೇಳಿದಾಗ ಒಂದು ಕ್ಷಣವೂ ತಡೆಯದೆ ಎದ್ದು ಕೊಡುತ್ತಿದ್ದಳು. ನರ್ಸುಗಳು ಎಂಥ ಹೆಂಡತಿ ಎನ್ನುತ್ತಿದ್ದರು.

“ನಾನು ನಿಲ್ತೀನಿ,” ಎಂದು ಆರ್ಡಿಸ್ ಎದ್ದಳು.

“ಅಯ್ಯೋ, ಬೇಡ, ಕೂತ್ಕೊಂಡೇ ಹೇಳಿ,” ಎಂದು ಮಾರ್ಲಾ ಓಡಿಬಂದು ಮೊಣಕೈಗೆ ಕೈ ಹಾಕಿದಳು. “ನಾಲ್ಕನೆಯವಳ ಜಾಗ ತೋರಿಸ್ಬೇಕಾ? ಟೆಸ್, ಸ್ವಲ್ಪ ಸರಿ.”

“ಟೆಸ್ ಅಲ್ಲೇ ಇರ್ಲಿ. ನಾನು ಮುಂದೆ.” ಆರ್ಡಿಸ್ ಮೊಣಕೈ ಬಿಡಿಸಿಕೊಂಡಳು. “ಆ ಪಾತ್ರ ನನಗೆ ಪೂರ್ತಿ ಬರುತ್ತೆ. ಒಂದು ದಿನಾನೂ ಮಾಡಿಲ್ಲ, ಅಷ್ಟೇ.”

ಬೂಟು ಬಿಚ್ಚಿ ಕಾಲುಚೀಲದಲ್ಲಿ ನಡೆದು ಬಂದು ಬೇಲಿಯೆಂದು ಗುರುತು ಹಾಕಿದ್ದ ಬಿಳಿ ಪಟ್ಟಿಯ ಹತ್ತಿರ ನಿಂತಳು. ಕೋರಿನ್ ಗೌರವದಿಂದ ಪಕ್ಕಕ್ಕೆ ಸರಿದಳು, ಆದರೆ ಅವಳ ಮುಖದಲ್ಲಿ ಸಣ್ಣ ನಗುವಿತ್ತು, ಅಜ್ಜಿ ಏನು ಮಾಡುತ್ತಾಳೋ ನೋಡೋಣ ಎನ್ನುವ ನಗು. ಇರಲಿ. ಎದುರು ಕಿಟಕಿ, ಕಿಟಕಿಯಲ್ಲಿ ದೂಳಿನ ಬಯಲು, ನಿಜವಾದದ್ದು. ಮೂಲೆಯ ಧ್ವನಿಪೆಟ್ಟಿಗೆಯಲ್ಲಿ ಪಿಟೀಲು ಶುರುವಾಯಿತು. ಮೊದಲ ಹೆಜ್ಜೆ ಹಿಂದಕ್ಕಿಟ್ಟಾಗ ಎಪ್ಪತ್ತು ವರ್ಷದ ಕಾಲು ಅನುಮಾನಿಸಿತು, ಎರಡನೆಯದರಲ್ಲಿ ನೆನಪಿಸಿಕೊಂಡಿತು. ಹಿಂದಕ್ಕೆ ನಡೆಯುವುದೆಂದರೆ ಬಯಲು ನಿನ್ನಿಂದ ದೂರ ಹೋಗುತ್ತದೆ, ನೀನಲ್ಲ, ಎಂದು ಹೇಳಿಕೊಟ್ಟಿದ್ದರು. ಬಯಲು ದೂರ ಹೋಯಿತು. ಗೋಪುರ ಚಿಕ್ಕದಾಯಿತು, ಕೊಯ್ಲಿನ ಯಂತ್ರ ಸದ್ದಿಲ್ಲದೆ ತೇಲಿತು. ಹಿಂದೆ ನಾಲ್ಕು ಜೊತೆ ಬರಿಗಾಲುಗಳು ನೆಲಕ್ಕೆ ಒರೆಸುತ್ತ ತನ್ನ ಜೊತೆಗೇ ಬರುತ್ತಿದ್ದವು. ಕಾಣುತ್ತಿರಲಿಲ್ಲ. ಆದರೆ ಯಾರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು, ಬೆನ್ನಿನ ಚರ್ಮಕ್ಕೆ ಬಿಸಿಲೂ ನೆರಳೂ ತಿಳಿಯುವ ಹಾಗೆ. ಬಲಗಡೆಯ ಹುಡುಗಿಯ ಉಸಿರು ಸ್ವಲ್ಪ ಜೋರು. ಏಳನೆಯ ಹೆಜ್ಜೆ. ಮೂರು, ನಾಲ್ಕು.

ಐದಕ್ಕೆ ವಾಲಬೇಕೆಂದಿದ್ದಳು, ಆದರೆ ವಾಲುವ ಮೊದಲೇ ಮಂಡಿ ತಾನಾಗಿ ಹೋಯಿತು. ನೆಲ ಓರೆಯಾಯಿತು. ಆಗ ಅವಳ ಬೆನ್ನಿಗೆ ಕೇಳಿಸಿತು: ಹಿಂದಿನ ಉಸಿರು ನಿಂತಿತ್ತು. ಟೆಸ್ ಕಾಯುತ್ತಿದ್ದಳು, ಫಿಲ್ಮು ಕಲಿಸಿದಂತೆ, ಐದನ್ನು ಪೂರ್ತಿ ಬಿಟ್ಟು. ಒಂದು ಎಣಿಕೆ ಎಷ್ಟು ಉದ್ದವೆಂದು ಆರ್ಡಿಸಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕೈಗೆಟುಕುವಷ್ಟು ಹತ್ತಿರ ಒಬ್ಬಳು ನಿಂತಿದ್ದಾಳೆ, ನೋಡುತ್ತಿದ್ದಾಳೆ, ಬರುತ್ತಿಲ್ಲ. ಅದು ಬೆನ್ನಿಗೆ ತಿಳಿಯದೆ ಇರುವುದು ಸಾಧ್ಯವೇ ಇರಲಿಲ್ಲ. ಯಾರ ಬೆನ್ನಿಗಾದರೂ ತಿಳಿಯುತ್ತಿತ್ತು. ಮಿಸ್ ಪೆಲ್‌ಗೆ ಗೊತ್ತಿತ್ತು. ಐದಕ್ಕೇ ಗೊತ್ತಾಗಿತ್ತು, ಆ ಸಿಟ್ಟಿನಲ್ಲೇ ಎದ್ದು ನಿಂತರೇನೋ, ಮತ್ತು ಮುಖ ಒರೆಸಿಕೊಂಡು, ಗೊತ್ತಿದ್ದೂ, ಇರಲಿ ಎಂದರು. ಅಲ್ಲಿ ಹಿಡಿಯೋಕೆ ಯಾರೂ ಇರಲಿಲ್ಲ. ಯಾರೂ ಇರಲಿಲ್ಲವೆಂದಲ್ಲ, ಇದ್ದವರು ಹೀಗೆ ಇದ್ದರು.

ಆರಕ್ಕೆ ಕೈ ಬಂತು. ಆದರೆ ಆರ್ಡಿಸ್ ತಾನಾಗಿ ಏಳುವ ಸ್ಥಿತಿಯಲ್ಲಿರಲಿಲ್ಲ, ಮಂಡಿ ನೆಲಕ್ಕೆ ಬಡಿಯಿತು, ಟೆಸ್ ಎಣಿಕೆ ಮರೆತು ಎರಡೂ ಕೈಯಲ್ಲಿ ಅವಳ ಕಂಕುಳು ಹಿಡಿದಳು. ಪಿಟೀಲು ನಿಂತಿತು. ಮಾರ್ಲಾ, “ಐಸ್ ತನ್ನಿ ಯಾರಾದ್ರೂ!” ಎಂದು ಕೂಗುತ್ತ ಬಂದಳು. ಕೋರಿನ್‌ಳ ನಗು ಎಲ್ಲೋ ಹೋಗಿತ್ತು.

“ಏನೂ ಆಗಿಲ್ಲ,” ಆರ್ಡಿಸ್ ನೆಲದ ಮೇಲೇ ಕೂತು ಹೇಳಿದಳು. “ಎಲ್ಲರೂ ಇಲ್ಲಿ ಕೇಳಿ. ಆ ಕೈ ಅವರು ಹೇಳಿಕೊಟ್ಟಿದ್ದಲ್ಲ. ಅವರು ವಾಲಿದ್ದು ನೃತ್ಯ ಅಲ್ಲ, ಮಂಡಿ ಹೋಯ್ತು. ಕೈ ನಂದು.”

“ನೀವು ಹಿಡಿಯೋಕೆ ಹೋದ್ರಿ,” ಎಂದಳು ಮಾರ್ಲಾ, ಕಣ್ಣು ಒದ್ದೆಯಾಗಲು ಸಿದ್ಧವಾಗಿ.

“ಆರಕ್ಕೆ ಹೋದೆ. ಐದಕ್ಕೆ ಅವರು ಬೀಳ್ಲಿ ಅಂತ ಕಾದೆ. ಬಿದ್ರೆ ಅವರ ಪಾತ್ರ ನಂದಾಗ್ತಿತ್ತು. ಐದರಲ್ಲಿ ಇರೋದು ಅದು. ನಿಮ್ಮ ಪಂಡಿತರಿಗೆ ಬೇಕಾದ್ರೆ ಬರ್ಕೊಳ್ಳೋಕೆ ಹೇಳಿ.”

ಹೇಳಿಯಾಯಿತು. ಬಿಸಿಲು ಒಂದು ಹಲಗೆಯಷ್ಟು ಸರಿದಿತ್ತು. ಮಾರ್ಲಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಹುಡುಗಿಯರು ಅವರವರ ಕಾಲಬೆರಳು ನೋಡುತ್ತಿದ್ದರು. ಆರ್ಡಿಸಳಿಗೆ ಹಗುರವಾಗಲಿಲ್ಲ, ಅಂಥದ್ದೇನೂ ಆಗಲಿಲ್ಲ, ಮಂಡಿ ನೋಯುತ್ತಿತ್ತು ಮತ್ತು ತನ್ನ ಕಾಲುಚೀಲದ ಹೆಬ್ಬೆರಳಿನಲ್ಲಿ ತೂತಿದೆಯೆಂದು ಈಗ ಕಾಣಿಸಿತು.

ಟೆಸ್ ಇನ್ನೂ ಅವಳ ಹಿಂದೆಯೇ ಮಂಡಿಯೂರಿ ಕೂತಿದ್ದಳು, ಕಂಕುಳ ಹಿಡಿತ ಬಿಟ್ಟಿರಲಿಲ್ಲ. ಅವಳು ಆರ್ಡಿಸಳ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಗೊತ್ತಿತ್ತು,” ಎಂದಳು.

“ಏನು?”

“ಮಾಡುವಾಗ ಗೊತ್ತಾಗುತ್ತೆ. ಅಲ್ಲಿ ಸುಮ್ನೆ ನಿಂತಿದ್ರೆ ಬೇರೆ ಏನೂ ಅನ್ಸೋಕೆ ಸಾಧ್ಯ ಇಲ್ಲ. ಕೋರಿನ್‌ಗೆ ಹುಷಾರಿಲ್ದೆ ಹೋದ್ರೆ ಅವಳ ಪಾತ್ರ ನಾನೇ ಮಾಡ್ಬೇಕು, ಅವಳದನ್ನೂ ಕಲಿತಿದೀನಿ. ಪ್ರತಿಸಲ ಐದು ಬಂದಾಗ…” ಹುಡುಗಿ ಹಿಡಿತವನ್ನು ಬಿಗಿ ಮಾಡಿದಳು. “ನಾನೊಬ್ಬಳೇ ಇಷ್ಟು ಕೆಟ್ಟವಳು ಅಂದ್ಕೊಂಡಿದ್ದೆ.”

ಆರ್ಡಿಸ್ ತಿರುಗಲಿಲ್ಲ. ಹಿಂದಕ್ಕೆ ಕೈ ಚಾಚಿ ಆ ದಪ್ಪ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಳು. ಅಳು ಬಂತು, ತಡೆಯಲಿಲ್ಲ.

“ಹಾಗಾದ್ರೆ ಏನು ಬರ್ಕೊಳ್ಳಲಿ ಆರ್ಡಿಸ್?” ಮಾರ್ಲಾ ಕೇಳಿದಳು. ಅವಳ ದನಿ ಮೊದಲ ಸಲ ಚಿಕ್ಕದಾಗಿತ್ತು. “ತೆಗೆದುಬಿಡೋಣ್ವಾ ಕೈನ?”

ಆರ್ಡಿಸ್ ತಲೆಯೆತ್ತಿ ಟೀವಿಯ ಕಡೆ ನೋಡಿದಳು. ಮಾರ್ಲಾ ನಿಲ್ಲಿಸಿದ್ದ ಚಿತ್ರ ಅಲ್ಲೇ ನಿಂತಿತ್ತು. ಬಯಲಿನ ಮುಂದೆ ಓರೆಯಾದ ಒಬ್ಬ ಮುದುಕಿ ಮದುವಣಗಿತ್ತಿ, ಅವಳ ಹಿಂದೆ ಬೂದು ಉಡುಪಿನ ಹುಡುಗಿ, ಕೈ ಇನ್ನೂ ಪಕ್ಕದಲ್ಲೇ ಇದೆ. ಮುಖ ಎಷ್ಟು ಎಳೆಯದು. ಅಷ್ಟು ಎಳೆಯದೆಂದು ಅವಳಿಗೆ ನೆನಪಿರಲಿಲ್ಲ.

“ಇರಲಿ,” ಎಂದಳು.

“ತಡವಾಗಿಯೇ?”

“ತಡವಾಗಿಯೇ.”

ಮಾರ್ಲಾ ಹಾಳೆಯ ಮೇಲೆ ಬರೆದುಕೊಂಡಳು. ಐದು, ಕಾಯುವುದು. ಆರು, ಕೈ.